ಜರ್ಮನ್ ಚಿತ್ರದ ಹಿಮ್ಮಡಿಯಲ್ಲಿದ್ದ ಬೊಟ್ಟು

ಪಟೇಲರು ಚಿತ್ರದ ಮೇಲಿನ ಬಟ್ಟೆಯನ್ನು ಸರಿಸಿದಾಗ ನಾನು ಮೊದಲು ನೋಡಿದ್ದು ಕೆಳಗಿನ ಮೂಲೆಯ ಸಹಿಯನ್ನು. ನೋಡಬೇಕಾಗಿದ್ದದ್ದು ಅದರೊಳಗಿನ ಹೆಂಗಸಿನ ಹಿಮ್ಮಡಿಯನ್ನು.

ಹೋದ ವಾರ ನಂಜನಗೂಡಿನಿಂದ ಜಟಕಾ ಮಾಡಿಕೊಂಡು ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದೆ. ಅಲ್ಲಿನ ಪಟೇಲರು ಹೊಸ ಮನೆಯ ಹಾಲಿಗೆ ಒಂದು ಆಯಿಲ್ ಪೇಂಟಿಂಗ್ ಕೊಳ್ಳುವವರಿದ್ದರು. ಬರೆದವನು ಎರಡು ವರ್ಷದಿಂದ ಮೈಸೂರಿನಲ್ಲಿ ಬಿಡಾರ ಮಾಡಿರುವ ಒಬ್ಬ ಜರ್ಮನ್ ಚಿತ್ರಗಾರ.

ನಾನು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಆತನ ಯೋಗ್ಯತೆಯನ್ನು ತೂಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

"ಈ ದೊರೆ ಅವ್ರ ದೇಸ್ದಲ್ಲಿ ಎಷ್ಟ್ ದೊಡ್ಡೋನು ಅಂತ ಏಳಿ ಮೇಷ್ಟ್ರೇ. ನಾಳೆ ನನ್ ಮೊಮ್ಮಗ ಮಾರುದ್ರೂ ಬೆಲೆ ಬರ್ಬೇಕು. ಪಟೇಲ ಬಣ್ಣಕ್ಕೆ ಬದುಕು ಸುರ್ದ ಅಂತ ಊರೋರು ನಗ್ಬಾರ್ದು ಕಣ್ರೀ" ಎಂದರು ಪಟೇಲರು.

ನನಗೂ ಒಂದು ಆಸೆಯಿತ್ತು. ಆ ಹಾಲಿನ ಎದುರುಗೋಡೆ ಖಾಲಿಯಿತ್ತು. ಅಲ್ಲಿಗೆ ಚಿತ್ರ ಬರೆಯುವ ಕೆಲಸವನ್ನು ನನ್ನ ಹಳೆಯ ಶಿಷ್ಯ, ಹೆಡತಲೆ ಊರಿನ ಮಾದಪ್ಪನಿಗೆ ಕೊಡಿಸಬೇಕೆಂದು ಅವನನ್ನೂ ಕರೆತಂದು ಜಗುಲಿಯಲ್ಲಿ ಕೂರಿಸಿದ್ದೆ.

ಮಾದಪ್ಪನಿಗೆ ಇಪ್ಪತ್ತೆರಡು ವರ್ಷ. ಇದುವರೆಗೆ ತನ್ನ ಹೆಸರಿನಲ್ಲಿ ಒಂದು ಚಿತ್ರವನ್ನೂ ಬರೆದುಕೊಟ್ಟವನಲ್ಲ.

ಅವನನ್ನು ಈ ಜರ್ಮನ್ ಚಿತ್ರಗಾರನ ಬಳಿ ಕೆಲಸಕ್ಕೆ ಸೇರಿಸಿದ್ದವನೂ ನಾನೇ. "ಹೋಗಪ್ಪ, ಕಲಿತುಕೋ. ಒಂದು ದಿನ ನಿನ್ನ ಹೆಸರೂ ಮೂಲೆಯಲ್ಲಿ ಬರುತ್ತೆ" ಎಂದಿದ್ದೆ. ಒಂದು ವರ್ಷ ಇದ್ದು ಮರಳಿ ಬಂದ. ಏನು ಕಲಿತೆ ಎಂದರೆ "ಬಣ್ಣ ಅರೆಯಾದು ಮೇಷ್ಟ್ರೇ" ಎಂದು ನಕ್ಕಿದ್ದ...

ಪಟೇಲರು ಒಂದು ಕಟ್ಟು ಕಾಗದಗಳನ್ನು ನನ್ನ ಮುಂದಿಟ್ಟರು. ಚಿತ್ರದ ಜೊತೆಯಲ್ಲೇ ಬಂದವು. ಜರ್ಮನ್ ಪತ್ರಿಕೆಗಳ ತುಣುಕುಗಳು, ಒಂದು ಎಕ್ಸಿಬಿಷನ್ನಿನ ಪಟ್ಟಿ. ನನಗೆ ಓದಲು ಬಂದದ್ದು ಇಂಗ್ಲಿಷಿನಲ್ಲಿದ್ದ ಆ ಪಟ್ಟಿಯೊಂದೇ.

ಒಬ್ಬ ಚಿತ್ರಗಾರನ ಮಾರುಕಟ್ಟೆಯ ಸ್ಥಾನವನ್ನು ಅರಿಯಬೇಕಾದರೆ, ಅವನು ಎಷ್ಟಕ್ಕೆ ಮಾರಿದ ಎಂದು ಕೇಳಿದರೆ ಸಾಲದು. ಕೊಂಡವರು ಮತ್ತೆ ಮಾರಿದಾಗ ಇನ್ನೊಬ್ಬರು ಮುಂದೆ ಬಂದರೇ ಎಂದು ಕೇಳಬೇಕು. ಆ ಕಟ್ಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಟ್ಟಿಯ ನೂರಾರು ಹೆಸರುಗಳ ನಡುವೆ ಆತನದೂ ಒಂದು ಹೆಸರು, ಅಷ್ಟೇ.

ಕಾಗದವನ್ನು ಬದಿಗಿಟ್ಟು ಚಿತ್ರದ ಮುಂದೆ ನಿಂತೆ.

ನಮ್ಮ ನಂಜನಗೂಡಿನ ಕಪಿಲೆಯ ಸೋಪಾನ. ಬಿಂದಿಗೆ ಹೊತ್ತು ಮೇಲೇರುತ್ತಿರುವ ಹೆಂಗಸು. ನೀರು, ಆಕಾಶ ನಯವಾಗಿದ್ದವು, ತಣ್ಣಗಿದ್ದವು. ಆದರೆ ಆ ಹೆಂಗಸು! ಒದ್ದೆ ಸೆರಗಿನ ಭಾರ, ಕಲ್ಲನ್ನು ಕಚ್ಚಿ ಹಿಡಿದ ಹೆಬ್ಬೆರಳು... ಈ ಮೆಟ್ಟಿಲನ್ನು ಹತ್ತಿ ಬಲ್ಲವರಷ್ಟೇ ಬರೆಯಬಹುದಾದ ಕಾಲು ಅದು.

ಹಿಮ್ಮಡಿಯಲ್ಲಿ ಸಾಸಿವೆಗಿಂತಲೂ ಸಣ್ಣದೊಂದು ಕಪ್ಪು ಬೊಟ್ಟು.

ಬಗ್ಗಿ ಮತ್ತೊಮ್ಮೆ ನೋಡಿದೆ. ಅದು ಮಾದಪ್ಪನ ದೃಷ್ಟಿಬೊಟ್ಟು.

ಮಗುವಿನ ಕೆನ್ನೆಗಾಗಲಿ, ಹೊಸ ಗಡಿಗೆಗಾಗಲಿ, ಮಾಡಿ ಮುಗಿಸಿದವರೇ ಬೊಟ್ಟಿಡಬೇಕೆಂದು ಅವನ ಅಜ್ಜಿ ಕಲಿಸಿದ್ದಳು. ಅವನು ಬರೆದ ಪ್ರತಿ ಮನುಷ್ಯನ ಹಿಮ್ಮಡಿಗೂ ಅದು ತಪ್ಪುತ್ತಿರಲಿಲ್ಲ. ಒಮ್ಮೆ ಪರೀಕ್ಷೆಯ ಹಾಳೆಯ ಮೇಲೂ ಇಟ್ಟಿದ್ದ. ಕಲೆ ಬಿದ್ದಿದೆಯೆಂದು ಮಾರ್ಕು ಕಳೆದಿದ್ದೆ.

ಅವನನ್ನು ಒಳಗೆ ಕರೆದು ಕೇಳಿದೆ. ತಲೆ ತಗ್ಗಿಸಿದ.

"ನೀರು, ಆಕಾಸ ದೊರೆ ಬರುದ್ರು ಮೇಷ್ಟ್ರೇ. ಎಂಗ್ಸು ಅವ್ರ್ ಕೈಗೆ ಬರ್ನಿಲ್ಲ. ನಮ್ಮವ್ವ ಬಿಂದ್ಗೆ ಒತ್ಕೊಂಡು ಮೆಟ್ಲತ್ತೋ ಥರ ನಾನು ಬರ್ದೆ."

ನನಗೆ ಹೆಮ್ಮೆಯನ್ನು ತಡೆಯಲಾಗಲಿಲ್ಲ. ಈ ಚಿತ್ರಕ್ಕೆ ಜೀವ ಕೊಟ್ಟ ಕೈ ಇದೇ ನೋಡಿ ಎಂದು ಅವನ ಕೈಯನ್ನು ಹಿಡಿದೆತ್ತಿ ಪಟೇಲರಿಗೆ ತೋರಿಸಿದೆ. ಎದುರುಗೋಡೆ ಅವನಿಗೆ ಸಿಕ್ಕೇಬಿಟ್ಟಿತೆಂದು ನಂಬಿದ್ದೆ.

ಪಟೇಲರು ಎರಡು ಹೆಜ್ಜೆ ಹಿಂದೆ ಸರಿದರು.

"ಅಂಗಾರೆ ಇದು ಜರ್ಮನ್ ಚಿತ್ರ ಅಲ್ವೇ ಅಲ್ಲ ಅನ್ನಿ! ನಮ್ ಎಡತಲೆ ಉಡ್ಗ ಬರ್ದಿದ್ಕೆ ಸೀಮೆ ಬೆಲೆ ಯಾಕ್ ಕೊಡ್ಲಿ? ಸದ್ಯ, ಬಚಾವಾದೆ."

ಒಂದು ಗಳಿಗೆಯ ಹಿಂದೆ ಇದೇ ಹೆಂಗಸನ್ನು ತೋರಿಸಿ, "ನಮ್ಮೋರು ಯಾರಾದ್ರೂ ಇಂಗ್ ಬರುದ್ದಾರಾ?" ಎಂದು ಕೇಳಿದ್ದವರು ಅವರು.

ಅಂದೇ ಚಿತ್ರವನ್ನು ಬಟ್ಟೆ ಸುತ್ತಿ ಹಿಂದಕ್ಕೆ ಕಳಿಸಿದರು. ಇದೇ ಸೋಪಾನ, ಇದೇ ಹೆಂಗಸು, ಆದರೆ ಪೂರ್ತಿ ದೊರೆಯ ಕೈಯಿಂದಲೇ ಬರೆದ ಇನ್ನೊಂದು ಚಿತ್ರ ಬೇಕೆಂದು ಪತ್ರ ಬರೆಸಿದರು. ಬಂದ ಮೇಲೆ ಅದು ಅಪ್ಪಟ ಜರ್ಮನ್ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಬರೆದುಕೊಡಬೇಕಾದವನು ನಾನು.

ಎದುರುಗೋಡೆಯ ಮಾತೆತ್ತಿದೆ.

"ಅಲ್ಗೆ ಒಂದ್ ನಿಲುವುಗನ್ನಡಿ ತರುಸ್ತೀನಿ ಬುಡಿ."

ಮಾದಪ್ಪನನ್ನು ಜಟಕಾ ಹತ್ತಿಸಿಕೊಂಡು ಮರಳಿದೆ.

ನಿನ್ನೆ ಮಾದಪ್ಪ ಸ್ಕೂಲಿಗೆ ಬಂದಿದ್ದ. ಜರ್ಮನ್ ದೊರೆಯಿಂದ ಅವನಿಗೆ ಮತ್ತೆ ಕರೆ ಬಂದಿದೆ... ಅದೇ ಹೆಂಗಸನ್ನು ಬರೆಯಲು.

ಹೋಗಬೇಡ ಎಂದೆ. ಅಂದ ಕೂಡಲೇ ನಾಚಿಕೆಯಾಯಿತು. ಅದರ ಬದಲಿಗೆ ನಾನು ಅವನಿಗೆ ಯಾವ ಗೋಡೆಯನ್ನು ಕೊಡಿಸಬಲ್ಲೆ?

"ಓಯ್ತೀನಿ ಮೇಷ್ಟ್ರೇ. ಬರೀದೆ ಇದ್ರೆ ಕೈ ಕೆಟ್ಟೋಯ್ತದೆ" ಎಂದ. ಬಾಗಿಲವರೆಗೆ ಹೋದವನು ತಿರುಗಿ, ನನ್ನನ್ನೇ ಸಮಾಧಾನ ಮಾಡುವವನಂತೆ ಹೇಳಿದ:

"ನೀವ್ ಎದುರ್ಕೋಬ್ಯಾಡಿ. ಈ ಸಲ ಬೊಟ್ ಇಡಾಕಿಲ್ಲ."

ಬೊಟ್ಟಿಲ್ಲದ ಆ ಹಿಮ್ಮಡಿಯ ಮುಂದೆ ನನ್ನನ್ನು ನಿಲ್ಲಿಸಿ ಇದು ಯಾರ ಕೈಯೆಂದು ಕೇಳುವ ದಿನ, ನನ್ನ ಜಾಗದಲ್ಲಿ ನೀವಿದ್ದರೆ ಏನೆಂದು ಬರೆದುಕೊಡುತ್ತಿದ್ದಿರಿ?