ಬಿಳಿ ಟವೆಲ್ ನೋಡಿ ಹೊರಬಂದ ನಾಲ್ವರು

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 7.10. ನಾನು, ಸೋದರಮಾವ ಕೃಷ್ಣರಾಜನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದೆವು. ನನಗೆ ಉಚಿತ ಟಿಕೆಟ್, ಮಾವನಿಗೆ ಮಾತ್ರ ದುಡ್ಡಿನದು. ಮಂಜು ದಟ್ಟವಾಗಿತ್ತು, ರಸ್ತೆಯಂಚಿನ ಕಬ್ಬು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮಾವ ಸುದ್ದಿವಾಹಿನಿಯ ಕ್ಯಾಮೆರಾಮನ್. ಹನ್ನೊಂದು ವರ್ಷದಿಂದ ಯುದ್ಧ ನಡೆಯುವ ಊರುಗಳಲ್ಲೇ ಕೆಲಸ. ಆಫ್ರಿಕಾದ ಒಂದು ನಗರದಲ್ಲಿ ಗುಂಡಿನ ಸದ್ದು ತುಸು ನಿಂತಾಗ ಬೀದಿಗಿಳಿದರಂತೆ. ಬಣ್ಣ ಸರಿಯಾಗಿ ಬರಬೇಕಾದರೆ ಕ್ಯಾಮೆರಾಕ್ಕೆ ಮೊದಲು ಬಿಳಿಯದೇನಾದರೂ ತೋರಿಸಬೇಕು. ಜೊತೆಗಿದ್ದ ಡ್ರೈವರ್ ಕೈಲಿ ತಮ್ಮ ಬಿಳಿ ಟವೆಲ್ ಎತ್ತಿ ಹಿಡಿಸಿದರು. ಎದುರಿನ ಕಟ್ಟಡದಲ್ಲಿ ಅಡಗಿದ್ದ ನಾಲ್ವರು ಅದನ್ನು ಕಂಡು, ಕಾಳಗ ನಿಂತಿತೆಂದು ಹೊರಬಂದರು. ಮತ್ತೆ ಗುಂಡು ಹಾರಿತು. "ಓಡ್ಲಾ ಮಾದೇವ, ಉಣ್ಸೂರು ಸೇರ್ಬೇಕು ಕಣ್ಲಾ!" ಎಂಬ ಕೂಗು ದೃಶ್ಯದಲ್ಲಿದೆ. ಒಟ್ಟು ಹದಿನಾಲ್ಕು ಸೆಕೆಂಡು. ಮೂವರು ಹಿಂದಕ್ಕೆ ಓಡಿದರು, ಒಬ್ಬ ಪಕ್ಕದ ಗಲ್ಲಿಗೆ. ಅವರು ಬದುಕಿದ್ದಾರೆಯೇ? ಮಾವನಿಗೆ ತಿಳಿಯಬೇಕಾದದ್ದು ಅಷ್ಟೇ.

ಆ ಕೂಗಿನಲ್ಲಿದ್ದ ಊರಿನ ಹೆಸರೊಂದೇ ನಮಗಿದ್ದ ಸುಳಿವು. ಹುಣಸೂರಿನ ನಾಲ್ಕನೆಯ ಚಹಾ ಅಂಗಡಿಯಲ್ಲಿ ಫೋನಿನ ದೃಶ್ಯ ನೋಡಿದವರೊಬ್ಬರು, "ಇದು ನಮ್ ಎಣ್ಣೆ ಮಾದೇವಣ್ಣ ಅಲ್ವಾ?" ಎಂದು ಮನೆ ತೋರಿಸಿದರು. ತಲೆಗೂದಲಿನ ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದವರು ಮಾದೇವಣ್ಣ. ಮಾವ ಎಲ್ಲ ಹೇಳಿ ತಲೆ ತಗ್ಗಿಸಿದರು.

"ಆ ಟವೆಲ್ಲು ನಿಮ್ದಾ? ನಿಮ್ಮನೆ ಕಾಯ್ವಾಗ!" ಮಾದೇವಣ್ಣ ನಕ್ಕುಬಿಟ್ಟರು. "ತಲೆ ತಗ್ಗಿಸ್ಬ್ಯಾಡಿ ಕಣಣ್ಣ, ಬೋಳು ಕಾಣ್ತದೆ. ಒಂದ್ ಬಾಟ್ಲಿ ಕೊಡ್ತೀನಿ, ಅಚ್ಕಳಿ."

ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ಹಿಂದಕ್ಕೆ ಓಡಿದ ತಾವು ಮೂವರೂ ಊರು ಸೇರಿದ್ದಾಗಿ ಮಾದೇವಣ್ಣ ಹೇಳಿದರು. ಗಲ್ಲಿಗೆ ಓಡಿದ ನಾಲ್ಕನೆಯವನು ರವಿ, ಆ ಕಟ್ಟಡದಲ್ಲೇ ಪರಿಚಯವಾದವನು, ಆಮೇಲೆ ಅವರಿಗೂ ಸಿಕ್ಕಿಲ್ಲ.

"ಪಿರಿಯಾಪಟ್ಣದ ಕಡೆಯೋನು. ಮನೆ ಮುಂದೆ ಹೊಗೆಸೊಪ್ಪಿನ ಬ್ಯಾರನ್ ಅದೆ ಅಂದಿದ್ದ," ಎಂದ ಮಾದೇವಣ್ಣ ನಗು ನಿಲ್ಲಿಸಿದರು. "ಓಡ್ಲಾ ಅಂತ ಕೂಗಿದ್ದು ಅವ್ನೇ ಕಣಣ್ಣ."

ಚಪ್ಪಲಿ ಮೆಟ್ಟಿ ಅವರೂ ಹೊರಟರು. ಮಧ್ಯಾಹ್ನ 12.15ರ ಬಸ್ಸು. ಪಿರಿಯಾಪಟ್ಟಣದವರೆಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳನ್ನು ಎಣಿಸಿದೆ: ನನ್ನ ಕಿಟಕಿಯ ಕಡೆಯೇ ಐವತ್ತೆರಡು, ಬಹುಪಾಲು ಮನೆ ಮುಂದೆಯೇ. ಸುಡುಬಿಸಿಲಲ್ಲಿ ಒಂಬತ್ತು ಕಡೆ ವಿಚಾರಿಸಿದೆವು. ಯಾರಿಗೂ ಗೊತ್ತಿರಲಿಲ್ಲ.

ಹಿಂತಿರುಗುವಾಗ ಹುಣಸೂರಿನಲ್ಲಿ ಇಳಿದ ಮಾದೇವಣ್ಣ ಕಿಟಕಿಯಿಂದ ಮಾವನ ಕೈಗೆ ಎಣ್ಣೆ ಬಾಟ್ಲಿ ತುರುಕಿ, "ಸಿಕ್ತಾನೆ ಬುಡಿ," ಎಂದರು. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದರು.

ಲೆಕ್ಕ: ನಾಲ್ವರಲ್ಲಿ ಮೂವರು ಬದುಕಿದ್ದಾರೆ. ರವಿಗೆ ಮೂವತ್ತರ ಆಸುಪಾಸು, ಹಸಿರು ಅಂಗಿ, ಓಡುವಾಗ ಎಡಗಾಲು ತುಸು ಎಳೆಯುತ್ತಾನೆ. ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ರವಿಯೇ ಇದನ್ನು ಓದಿದರೆ, ಬೈದಾದರೂ ಒಂದು ಸಾಲು ಬರೆಯಲಿ ಎಂದು ಮಾವ ಹೇಳಿಸಿದ್ದಾರೆ.