ಒಂದು ಬೆನ್ನು ಬಾಕಿ

ನೊಯೆಲೀನ್ ಪ್ಯಾಸ್ಕೊಗೆ ನಾನು ಇನ್ನೂ ಒಂದು ಬೆನ್ನು ಬಾಕಿ. ದುಡ್ಡಿನ ಬಾಕಿಯಾಗಿದ್ದರೆ ಯಾವತ್ತೋ ತೀರಿಸಿ ಸುಮ್ಮನಾಗುತ್ತಿದ್ದೆ. ಇದು ಬೆನ್ನಿನ ಬಾಕಿ. ಅವಳು ಮಲಗದ ಹೊರತು ತೀರುವುದಿಲ್ಲ, ಅವಳು ಮಲಗುವ ಜಾತಿಯವಳಲ್ಲ.

ಟರ್ಕಿ ಕ್ರೀಕ್ ಎಂಬ ನಮ್ಮ ಊರಿನ ಹಾಲ್‌ನಲ್ಲಿ ಪ್ರತಿ ಗುರುವಾರ ಎಣ್ಣೆ ಹಚ್ಚುತ್ತೇವೆ. ಉದ್ದನೆಯ ಮೇಜುಗಳ ಮೇಲೆ ಹಳೆ ಕಂಬಳಿ ಹಾಸಿ, ಬಿಸಿನೀರಿನ ಪಾತ್ರೆಯೊಳಗೆ ಎಳ್ಳೆಣ್ಣೆಯ ಬಾಟಲಿ ಇಟ್ಟು, ಬಂದವರ ಬೆನ್ನು, ಭುಜ, ಮಂಡಿ ತಿಕ್ಕುವುದು. ಫೀಸಿಲ್ಲ. ತಿಕ್ಕಿಸಿಕೊಂಡವರು ಎದ್ದು ಮುಂದಿನವರಿಗೆ ತಿಕ್ಕಬೇಕು, ಅಷ್ಟೇ ನಿಯಮ. ವಕೀಲನಾದರೂ ಸರಿ, ಹಸು ಕರೆಯುವವನಾದರೂ ಸರಿ. ತಿಕ್ಕದೆ ಜಾರಿಕೊಳ್ಳಲು ನೋಡುವವರನ್ನು ನೊಯೆಲೀನ್ ಬಾಗಿಲಲ್ಲೇ ಹಿಡಿಯುತ್ತಾಳೆ. "ಎಲ್ಲಿಗೆ ಹೊರಟೆ? ಇದೇನು ಹೋಟ್ಲಾ? ಬಾ, ನನ್ನ ಗಂಡ ಮೆರ್ವ್‌ನ ಹಿಮ್ಮಡಿ ಕಾಯ್ತಾ ಇದೆ." ಆದರೆ ನಮ್ಮ ಬೆನ್ನೆಲ್ಲ ತಿಕ್ಕಿದ ಅವಳ ಸರದಿ ಬಂದಾಗ ಮಾತ್ರ ತೊಳೆಯುವ ಟವೆಲ್ಲುಗಳ ರಾಶಿ ನೆನಪಾಗುತ್ತದೆ. "ಮುಂದಿನ ವಾರ ನೋಡೋಣ," ಅನ್ನುತ್ತಾಳೆ.

ಅವಳು ಕೆಳಗಿನ ಕಣಿವೆಯ ಹೈನುಗಾರರ ಮಗಳು. ಓದು ಹತ್ತುವ ಮೊದಲೇ ಕೆಚ್ಚಲು ಕೈಗೆ ಹತ್ತಿತು. ಲಾರಿ ಓಡಿಸುವ ಮೆರ್ವ್‌ನನ್ನು ಮದುವೆಯಾಗಿ, ಮರ ಕೊಯ್ಯುವ ಮಿಲ್ಲಿನ ಆಳುಗಳಿಗೆ ಅಡುಗೆಗೆ ನಿಂತಳು. ಮಿಲ್ಲಿನವರು ಕಾಡು ಕಡಿಯುವುದನ್ನು ತಡೆಯಲು ನಾವು ಕೆಲವರು ರಸ್ತೆಗೆ ಅಡ್ಡ ಮಲಗಿದ ವರ್ಷ ಅವಳು ಆಚೆ ಕಡೆಯವಳು. ಒಂದು ಬೆಳಿಗ್ಗೆ ನಮ್ಮ ಬಿಡಾರದ ಓಟ್ಸ್ ಗಂಜಿ ತಳ ಹತ್ತಿ ವಾಸನೆ ಕಣಿವೆಗೆಲ್ಲ ಹರಡಿತು. ಪೊಲೀಸರ ಸಾಲನ್ನು ಸೀಳಿಕೊಂಡು, ಕೈಯಲ್ಲಿ ತನ್ನದೇ ಸೌಟು ಹಿಡಿದು ಬಂದವಳು ನೊಯೆಲೀನ್.

"ನೀವು ಕಾಡು ಉಳಿಸ್ತೀರೋ ಬಿಡ್ತೀರೋ ನಂಗೊತ್ತಿಲ್ಲ. ಒಂದು ಪಾತ್ರೆ ಗಂಜಿ ಉಳಿಸೋಕೆ ಬರಲ್ವಲ್ಲ ನಿಮಗೆ. ಸರಿಯಿರಿ ಆಚೆ."

ಆಮೇಲೆ ಎರಡೂ ಕಡೆಗೆ ಅವಳೇ ಬೇಯಿಸಿದಳು. ಎರಡೂ ಕಡೆಯವರು ಉಂಡು ಅವಳನ್ನೇ ಬೈದರು. ಕಾಡು ಉಳಿಯಿತು, ಮಿಲ್ಲು ಮುಚ್ಚಿತು. ಅವಳು ಲಿಸ್ಮೋರ್ ಪೇಟೆಯಲ್ಲಿ ಆಸ್ಪತ್ರೆಯೊಂದರ ಅಡುಗೆಮನೆಗೆ ಸೇರಿ, ನಿವೃತ್ತಿಯವರೆಗೆ ರೋಗಿಗಳಿಗೆ ಸೂಪು ಬಡಿಸಿದಳು.

ಎಣ್ಣೆಯ ಕಥೆ ಶುರುವಾದದ್ದು ಮೆರ್ವ್‌ನ ಬೆನ್ನಿನಿಂದ. ಡಾಕ್ಟರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿದರು. ಅರ್ಧ ನೋವು ಹೋಯಿತು, ಅರ್ಧ ಕೂತಿತು. ನೊಯೆಲೀನ್ ಲೈಬ್ರರಿಯಿಂದ ಚಿತ್ರಗಳಿದ್ದ ಒಂದು ಆಯುರ್ವೇದದ ಪುಸ್ತಕ ತಂದಳು. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿ ಎಂದು ಅದರಲ್ಲಿತ್ತು. ಪೇಟೆಯ ಚೀನೀ ಅಂಗಡಿಯಲ್ಲಿ ಎಳ್ಳೆಣ್ಣೆ ಎಂದು ಬರೆದಿದ್ದ ಕಪ್ಪನೆಯ ಬಾಟಲಿ ಕೊಂಡಳು. ಮೆರ್ವ್ ಒಂದು ತಿಂಗಳು ಹುರಿದ ನೂಡಲ್ಸಿನ ವಾಸನೆ ಹೊಡೆಯುತ್ತಾ ತಿರುಗಾಡಿದ. ಊರ ನಾಯಿಗಳು ಮೆರವಣಿಗೆಯಲ್ಲಿ ಹಿಂದೆ. ಆದರೂ ಬೆನ್ನು ಹಗುರಾಯಿತು ಅಂದ. ನೆರೆಯವರು ನಮಗೂ ಹಚ್ಚು ಅಂದರು, ಗುರುವಾರ ಹಾಲ್ ಖಾಲಿ ಇತ್ತು. ಆ ಕಾಲದಲ್ಲಿ ತಿಕ್ಕಿಸಿಕೊಂಡು ಮನೆಗೆ ಹೋದವರೆಲ್ಲ ಆ ವಾಸನೆಗೆ ಎರಡೆರಡು ಸಲ ಉಣ್ಣುತ್ತಿದ್ದರು.

ಆಸ್ಪತ್ರೆಯ ಗೆಳತಿ ಜೆಸ್ಸಿ ಕುರುವಿಳ, ಕೇರಳದ ನರ್ಸು, ಒಂದು ಗುರುವಾರ ನೋಡಲು ಬಂದಳು. ಬಾಗಿಲಲ್ಲೇ ನಿಂತು ಮೂಗರಳಿಸಿದಳು. ಚೌಕಟ್ಟು ಹಿಡಿದುಕೊಂಡು ನಗುವುದಕ್ಕೆ ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

"ಚೇಚಿ, ಅಕ್ಕಾ, ಇದು ಹುರಿದ ಎಳ್ಳಿನ ಎಣ್ಣೆ. ಅಡುಗೆಗೆ ಹಾಕೋದು. ನೀವು ಮೆರ್ವ್‌ಗೆ ಒಗ್ಗರಣೆ ಕೊಟ್ಟಿದ್ದೀರಿ."

"ನಾಯಿಗಳು ಸುಮ್ನೆ ಅವನ ಹಿಂದೆ ಹೋಗ್ತಿರಲಿಲ್ಲ ಅನ್ನು," ಅಂದಳು ನೊಯೆಲೀನ್. "ಮತ್ತೆ ನಿಮ್ಮಜ್ಜಿ ಯಾವುದು ಹಚ್ತಿದ್ರು?"

ಮುಂದಿನ ವಾರ ಜೆಸ್ಸಿ ಹಸಿ ಎಳ್ಳಿನ ತಿಳಿ ಎಣ್ಣೆ ತಂದಳು. ಅಂಗೈ ಎತ್ತ ಜಾರಬೇಕು, ಕೀಲಿನ ಸುತ್ತ ಹೇಗೆ ತಿರುಗಬೇಕು ಎಂದು ತೋರಿಸಿದಳು. ಜ್ವರ ಇದ್ದರೆ ಎಣ್ಣೆ ಇಲ್ಲ. ಗಾಯದ ಮೇಲೆ ಇಲ್ಲ. ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿದ್ದರೆ ಮುಟ್ಟುವುದೇ ಬೇಡ, ನೇರ ಆಸ್ಪತ್ರೆಗೆ. ಇದಕ್ಕೆ ನೊಯೆಲೀನ್ ತನ್ನದೊಂದು ಸೇರಿಸಿದಳು: "ಡಾಕ್ಟ್ರ ಮಾತ್ರೆ ಬಿಡ್ತೀನಿ ಅನ್ನೋರು ನನ್ನ ಮೇಜೂ ಬಿಡಿ."

ಲಿಸ್ಮೋರ್‌ನಿಂದಾಚೆ ಕರಾವಳಿಯ ಕಡೆ ಇದೇ ಎಣ್ಣೆಯನ್ನು ಬಿಳಿ ಬಟ್ಟೆ ಉಟ್ಟವರ ಹಣೆಗೆ ಹನಿಸಿ, ಹಿಂದಿನ ಜನ್ಮ ಹೇಳಿ ಕಳಿಸುತ್ತಾರೆ. ನಮ್ಮ ಹಳೆಯ ಹೋರಾಟದ ಗೆಳೆಯರೂ ಕೆಲವರು ಅದರಲ್ಲಿ ಬಿದ್ದರು. ಸಭೆಗೆ ತಡವಾಗಿ ಬಂದವನು ನನ್ನದು ವಾತ ಅನ್ನುತ್ತಾನೆ, ಜಗಳ ತೆಗೆದವಳು ಪಿತ್ತ ಅನ್ನುತ್ತಾಳೆ, ನಿದ್ದೆ ಹೊಡೆದವನಿಗೆ ಕಫ. ಅಲ್ಲಿಂದ ಒಬ್ಬ ಗುಳಿಗೆಗಳ ಪೆಟ್ಟಿಗೆ ಹೊತ್ತು ನಮ್ಮಲ್ಲಿಗೂ ಬಂದಿದ್ದ. ಮೈಯ ವಿಷವೆಲ್ಲ ತೊಳೆದು ಹೋಗುತ್ತದಂತೆ.

"ಒಳಗೇನಿದೆ?" ಅಂದಳು ನೊಯೆಲೀನ್.

"ಅದು ಪ್ರಾಚೀನ ರಹಸ್ಯ."

"ನನ್ನ ಸೂಪಲ್ಲಿ ಏನಿದೆ ಅಂತ ರೋಗಿ ಕೇಳಿದ್ರೆ ನಾನು ಹೇಳ್ಬೇಕಿತ್ತು. ನೀನು ಹೇಳಲ್ಲ ಅಂದ್ರೆ ಪೆಟ್ಟಿಗೆ ಮುಚ್ಚು. ಈಗ ತಾನೇ ಭುಜ ತಿಕ್ಕಿಸ್ಕೊಂಡ್ಯಲ್ಲ, ಮೆರ್ವ್‌ನ ಹಿಮ್ಮಡಿ ತಿಕ್ಕಿ ಹೋಗು."

ಅವನು ತಿಕ್ಕಿದ. ಲಾರಿ ಓಡಿಸಿದ ಹಿಮ್ಮಡಿ ಅದು. ಮತ್ತೆ ಈ ಕಡೆ ಬರಲಿಲ್ಲ.

ಹೀಗೆ ನಡೆಯುತ್ತಿದ್ದ ಗುರುವಾರಗಳಿಗೆ ಕುತ್ತು ಬಂದದ್ದು ಎಣ್ಣೆಯಿಂದಲೇ. ಒಂದು ದೊಡ್ಡ ಡಬ್ಬ ಉರುಳಿ ಹಾಲ್‌ನ ನಟ್ಟನಡುವಿನ ಹಲಗೆಗಳ ಮೇಲೆ ಚೆಲ್ಲಿತು. ಗುರುವಾರ ಮುಂದುವರಿಯಬೇಕೋ ಬೇಡವೋ ಎಂಬ ಮಾತು ಸಭೆಗೆ ಬಂತು.

ನಮ್ಮ ಸಭೆಯ ರೀತಿ ಬೇರೆ. ಕಾಡಿನ ಬಿಡಾರದಲ್ಲಿ ಗಂಟಲು ದೊಡ್ಡದಿದ್ದವರೇ ಗೆಲ್ಲುತ್ತಿದ್ದುದರಿಂದ ನಾವೊಂದು ಪದ್ಧತಿ ಮಾಡಿಕೊಂಡೆವು. ಮಿಲ್ಲು ಮುಚ್ಚಿದ ಮೇಲೆ ಇಡೀ ಊರು ಅದನ್ನೇ ಹಿಡಿಯಿತು. ಮತ ಎಣಿಸುವುದಿಲ್ಲ. ಒಪ್ಪಿಗೆಯಾದರೆ ಎರಡೂ ಕೈ ತಲೆಯ ಮೇಲೆತ್ತಿ ಬೆರಳು ಆಡಿಸಬೇಕು. ಒಪ್ಪದಿದ್ದರೆ ಕೈ ಕಟ್ಟಿ ಕೂರಬೇಕು. ಕೊನೆಯ ಸುತ್ತಿನಲ್ಲಿ ಬಾಯಿಗೆ ಬೆಲೆಯಿಲ್ಲ, ಕೈ ಮಾತ್ರ ನೋಡುವುದು. ಒಬ್ಬರು ಕೈ ಕಟ್ಟಿದರೂ ವಿಷಯ ನಿಂತಿತು. ಎರಡು ಸಭೆಗಳಲ್ಲಿ ಹೀಗೆ ನಿಂತರೆ ಅದು ಸತ್ತಿತು.

ಕೈ ಕಟ್ಟುವುದರಲ್ಲಿ ಕ್ಲೆಮ್ ಟ್ರೆಲೋರ್‌ನನ್ನು ಮೀರಿಸುವವರಿಲ್ಲ. ಮಿಲ್ಲಿನ ದೊಡ್ಡ ಗರಗಸ ನಡೆಸಿದವನು. ಮಿಲ್ಲಿನ ಕೊನೆಯ ಹಲಗೆಗಳನ್ನು ತಂದು ಹಾಲ್‌ನ ನೆಲ ಹಾಸಿದವನೂ ಅವನೇ. ಕೆಲವು ವರ್ಷಗಳಿಂದ ಏನೇ ತಂದರೂ ಕೈ ಕಟ್ಟುತ್ತಿದ್ದ. ನೀರಿನ ಟ್ಯಾಂಕಿಗೆ ಕಟ್ಟಿದ. ಕಕ್ಕಸಿನ ಬಾಗಿಲಿಗೆ ಕಟ್ಟಿದ. ಕಾಡಿನ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ನಮ್ಮ ಕತ್ತಿಯಲ್ಲೇ ನಮ್ಮನ್ನು ಕೊಯ್ಯುತ್ತಿದ್ದಾನೆ ಎಂದು ನಾವು ಮಾತಾಡಿಕೊಂಡೆವು. ಈಗ ಅವನದೇ ಹಲಗೆಗೆ ಎಣ್ಣೆ ಚೆಲ್ಲಿದೆ. ಉಳಿದೆಲ್ಲರ ಬೆರಳುಗಳೂ ಆಡಿದವು. ಕ್ಲೆಮ್ ಕೈ ಕಟ್ಟಿಕೊಂಡು ಕಿಟಕಿ ನೋಡುತ್ತಿದ್ದ.

ನೊಯೆಲೀನ್ ಟವೆಲ್ಲು ಮಡಿಸುತ್ತಿದ್ದಳು. ಅವಳ ಮನೆಯಲ್ಲಿ ಒಂದು ಮೇಜು ಹಾಕಿದರೆ ಬಾಗಿಲು ತೆಗೆಯಲಾಗದು, ಹಾಲ್ ಹೋದರೆ ಗುರುವಾರವೂ ಹೋಯಿತು. ಈ ಕಣಿವೆಯಲ್ಲಿ ಒಂಟಿಯಾಗಿರುವವರು ಬಹಳ. ವಾರಕ್ಕೊಮ್ಮೆ ಇನ್ನೊಬ್ಬ ಮನುಷ್ಯನ ಕೈ ಅವರ ಮೈಮೇಲೆ ಬೀಳುವುದು ಆ ಮೇಜುಗಳ ಮೇಲೆ ಮಾತ್ರ. ಅದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಅದಕ್ಕೇ ರೇಗಿತು.

"ಒಬ್ಬನಿಗೋಸ್ಕರ ಎಲ್ಲ ನಿಲ್ಲಿಸೋದಾ? ಈ ಸಲ ಮತ ಹಾಕಿಸೋಣ," ಅಂದೆ.

"ನಿಯಮ ಮಾಡಿದೋರು ನೀವು. ನಿಮಗೇ ಚುಚ್ಚಿದಾಗ ಮುರಿಯೋದಾ? ಚೆನ್ನಾಗಿದೆ," ಅಂದಳು. "ಕುಂಬಳಕಾಯಿ ಹಾಕಿದ ಸ್ಕೋನ್ ಬನ್ನು ಮಾಡ್ತೀನಿ. ಅವನ ಮನೆಗೆ ಹೋಗೋಣ. ನೀನು ಬಾಯಿ ಬಿಡಬೇಡ."

ಕ್ಲೆಮ್‌ನ ಅಂಗಳಕ್ಕೆ ಕಾಲಿಟ್ಟಾಗಲೇ ಅವಳು ನಿಂತಳು. ಬಟ್ಟೆ ಒಣಹಾಕುವ ತಿರುಗುಕಂಬವನ್ನು ಪೂರ್ತಿ ಕೆಳಗಿಳಿಸಿದ್ದ. ಹಾಸಿಗೆಯ ಬಟ್ಟೆ ಹುಲ್ಲಿನ ಮೇಲೆ ಎಳೆದಾಡುತ್ತಿತ್ತು. ಒಳಗೆ ಹೋದರೆ ಮೇಲಿನ ಕಪಾಟುಗಳು ಖಾಲಿ, ಕಪ್‌ಗಳು, ತಟ್ಟೆಗಳೆಲ್ಲ ಮೇಜಿನ ಮೇಲೆ. ಟೋಪಿ ತೂಗಿಸುವ ಮೊಳೆ ಎದೆಮಟ್ಟಕ್ಕೆ ಇಳಿದಿತ್ತು. ನಾನು ಇದನ್ನೆಲ್ಲ ನೋಡಿ ಒಂಟಿ ಗಂಡಸಿನ ಸೋಮಾರಿತನ ಅಂದುಕೊಂಡೆ. ನೊಯೆಲೀನ್ ಸ್ಕೋನ್ ಕೆಳಗಿಟ್ಟಳು.

"ಕ್ಲೆಮ್, ಕೈ ಮೇಲೆತ್ತು."

"ಯಾಕೆ, ದರೋಡೆ ಮಾಡೋಕೆ ಬಂದ್ಯಾ?"

"ಎತ್ತು."

"ಎತ್ತಲ್ಲ."

"ಎತ್ತಲ್ವೋ, ಎತ್ತಕ್ಕಾಗಲ್ವೋ?"

ಕ್ಲೆಮ್ ಕೆಟಲಿನ ಕಡೆ ತಿರುಗಿದ.

"ಭುಜ ತಾನೇ," ಅಂದ. "ಅದಕ್ಕೇನು ಮೆರವಣಿಗೆ ಮಾಡ್ಬೇಕಾ?"

ನೊಯೆಲೀನ್ ಕುರ್ಚಿಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕ್ಲೆಮ್‌ಗೂ ತಡೆಯಲಾಗಲಿಲ್ಲ, ಗಡ್ಡದೊಳಗೇ ನಕ್ಕ. ನಾನು ಎರಡನೇ ಸ್ಕೋನಿಗೆ ಕೈ ಹಾಕಿದೆ.

ಜೆಸ್ಸಿ ಅವನನ್ನು ಬೈದು ಡಾಕ್ಟರ ಹತ್ತಿರ ಕೂರಿಸಿದಳು. ಕೀಲುಗಳು ಸವೆದಿವೆ, ಸುತ್ತಲಿನದು ಬಿಗಿದಿದೆ, ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಅಲ್ಲ ಎಂದರು. ಮಂಗಳವಾರ ಫಿಸಿಯೋ. ಎರಡನೇ ಸಭೆಯವರೆಗೆ ಹಾಲ್‌ಗೆ ಬೀಗ ಬೀಳುವಂತಿರಲಿಲ್ಲವಲ್ಲ, ಗುರುವಾರ ಎಣ್ಣೆ. ಮೊದಲ ದಿನ ಅಂಗಿ ಬಿಚ್ಚುವುದಕ್ಕೇ ಜಗಳ.

"ಕ್ಲೆಮ್, ಇದು ಭುಜ ಅಲ್ಲ ಕಣಯ್ಯ, ಸೌದೆ," ಅಂದಳು ನೊಯೆಲೀನ್.

"ಸೌದೆ ಗೊತ್ತಿರೋರಿಗೆ ಹೇಳ್ಬೇಡ. ನಿನ್ನ ಕೈಗಿಂತ ಗರಗಸ ಮೆತ್ತಗಿತ್ತು."

ತಿಕ್ಕಿಸಿಕೊಂಡ ಮೇಲೆ ನಿಯಮದಂತೆ ತಿಕ್ಕಬೇಕಲ್ಲ. ಕೈ ಮೇಲೇರದಿದ್ದರೇನು, ಮೇಜಿನ ಎತ್ತರಕ್ಕೆ ಅವನ ಕೈ ಸರಿಯಾಗಿ ಬರುತ್ತಿತ್ತು. ಹಲಗೆ ನಯ ಮಾಡಿದ ಅಂಗೈ. ಮೆರ್ವ್ ಎರಡೇ ನಿಮಿಷಕ್ಕೆ ಗೊರಕೆ ಹೊಡೆದ. ತಿಕ್ಕಿ ಮುಗಿಸಿ ಕ್ಲೆಮ್ ಗೋಡೆಯ ಹತ್ತಿರ ಹೋಗಿ, ಫಿಸಿಯೋ ಹುಡುಗಿ ಹೇಳಿದ ಹಾಗೆ ಬೆರಳುಗಳನ್ನು ಜೇಡದಂತೆ ಮೇಲಕ್ಕೆ ಹತ್ತಿಸುತ್ತಿದ್ದ. ವಾರ ವಾರಕ್ಕೆ ಜೇಡ ಸ್ವಲ್ಪ ಮೇಲೆ ಹೋಯಿತು. ಎಣ್ಣೆಯಿಂದಲೋ, ಗೋಡೆಯಿಂದಲೋ, ಮಾತ್ರೆಯಿಂದಲೋ ಎಂದು ನಾನು ಕೇಳಿದೆ. "ಯಾವುದಾದ್ರೇನು, ಮೂರನ್ನೂ ಬಿಡಬೇಡ ಅಂದಿದ್ದೀನಿ," ಅಂದಳು ನೊಯೆಲೀನ್.

ಎರಡನೇ ಸಭೆಗೆ ಹಾಲ್ ತುಂಬಿತ್ತು. ಅಂದು ಸಭೆ ನಡೆಸುವ ಸರದಿ ನನ್ನದು. ಗುರುವಾರ ಮುಂದುವರಿಯಬೇಕೇ ಎಂದು ಕೇಳಿದೆ. ಬೆರಳುಗಳು ಆಡಿದವು. ಎಲ್ಲರ ಕಣ್ಣು ಕ್ಲೆಮ್‌ನ ಮೇಲೆ. ಕಟ್ಟಿದ ಕೈ ನಿಧಾನ ಬಿಚ್ಚಿತು. ಎಡಗೈ ಕಿವಿ ದಾಟಿ ನೆತ್ತಿ ಮುಟ್ಟಿತು. ಬಲಗೈ ಹುಬ್ಬಿನವರೆಗೆ ಬಂದು ನಿಂತಿತು, ಬಿಸಿಲಿಗೆ ಅಡ್ಡ ಹಿಡಿದ ಹಾಗೆ. ಗರಗಸಕ್ಕೆ ತುದಿ ಕೊಟ್ಟ ಬೆರಳನ್ನೂ ಸೇರಿಸಿ ಎಲ್ಲ ಬೆರಳನ್ನೂ ಆಡಿಸಿದ. ಹಾಲ್ ಒಮ್ಮೆಲೇ ಎದ್ದು ನಿಂತಿತು.

ಗಲಾಟೆ ತಗ್ಗಿದಾಗ ಹಿಂದಿನಿಂದ ಯಾರೋ ಕೇಳಿದರು: "ಹಾಗಾದ್ರೆ ಕ್ಲೆಮ್, ನೀರಿನ ಟ್ಯಾಂಕು?"

"ಬೇಕಿತ್ತು."

"ಕಕ್ಕಸಿನ ಬಾಗಿಲು?"

"ಯಾರಿಗೆ ಬೇಡ?"

"ಮತ್ತೆ ಇಷ್ಟು ವರ್ಷ ಬಾಯಿ ಬಿಟ್ಟು ಹೇಳಬಾರದಿತ್ತೇನಯ್ಯ?"

"ಬಾಯಿ ಲೆಕ್ಕಕ್ಕಿಲ್ಲ, ಕೈ ಮಾತ್ರ ಅಂದೋರು ನೀವೇ ಅಲ್ವಾ?"

ಕೇಳಿಸಿಕೊಳ್ಳುವುದನ್ನು ದೇಶಕ್ಕೆಲ್ಲ ಕಲಿಸಿದವರು ನಾವು. ಆ ಸಂಜೆಯೇ ಟ್ಯಾಂಕೂ ಬಾಗಿಲೂ ಪಾಸಾದವು. ಚೆಲ್ಲಿದ ಎಣ್ಣೆಯ ಮಾತು ಬಂದಾಗ ಕ್ಲೆಮ್ ನಮ್ಮನ್ನು ಪೆದ್ದರ ಹಾಗೆ ನೋಡಿದ. "ಮರದ ಹೊಟ್ಟು ಹರಡಿ. ಮಕ್ಕಳನ್ನ ಗೋಣಿಚೀಲದ ಮೇಲೆ ಕೂರಿಸಿ ಎಳೀರಿ. ಕುಣಿತದ ನೆಲ ಹದ ಮಾಡೋದು ಹಾಗೇ ತಾನೇ?" ಎಳೆದೆವು. ಮಕ್ಕಳು ಮನೆಗೆ ಹೋಗಲು ಒಪ್ಪಲಿಲ್ಲ. ಶನಿವಾರದ ಕುಣಿತಕ್ಕೆ ಅಕಾರ್ಡಿಯನ್ ಶುರುವಾದದ್ದೇ ತಡ, ಜೆಸ್ಸಿ ಒಂದೇ ಹೆಜ್ಜೆಗೆ ಅರ್ಧ ಹಾಲ್ ದಾಟಿದಳು. ಅಂಥ ನೆಲ ಈ ಜಿಲ್ಲೆಯಲ್ಲಿಲ್ಲ.

ಅದಾದ ಗುರುವಾರ ಕ್ಲೆಮ್ ಎಣ್ಣೆಯ ಬಾಟಲಿ ಹಿಡಿದು ನೊಯೆಲೀನ್‌ಳ ಮುಂದೆ ನಿಂತ.

"ಮಲಗು."

"ಟವೆಲ್ಲು ಒಗೆಯೋದಿದೆ ಕಣೋ, ಮುಂದಿನ ವಾರ..."

"ಟವೆಲ್ಲು ಇವರು ಒಗೀತಾರೆ," ಎಂದು ನನ್ನ ಕಡೆ ಗದ್ದ ಚಾಚಿದ. "ನಿಯಮ ಮಾಡಿದೋಳು ನೀನು. ನಿನಗೇ ಚುಚ್ಚಿದಾಗ ಮುರಿಯೋದಾ?"

ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ಆ ಮಾತನ್ನು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಆಮೇಲೆ ಚಪ್ಪಲಿ ಬಿಟ್ಟು ಮೇಜು ಹತ್ತಿದಳು. ಊರಿಗೆಲ್ಲ ಎಣ್ಣೆ ಹಚ್ಚಿದ ಹೆಂಗಸಿನ ಬೆನ್ನು ಹೇಗಿದೆ ಎಂದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಗಂಟು ಗಂಟಾಗಿತ್ತು. ಕ್ಲೆಮ್ ಮರದ ನಾರು ಹುಡುಕುವ ಹಾಗೆ ಒಂದೊಂದೇ ಗಂಟು ಹುಡುಕಿದ. ಅವಳು ಕಂಬಳಿಯೊಳಗೆ ಮುಖ ಹುದುಗಿಸಿ, "ಅಲ್ಲೇ. ಅಲ್ಲೇ ನಿಲ್ಲಿಸು. ಇಲ್ಲ, ನಿಲ್ಲಿಸಬೇಡ," ಅನ್ನುತ್ತಿದ್ದಳು. ನಾನು ಟವೆಲ್ಲು ಒಗೆದೆ.

ಹಾಗೆ ನನ್ನದಾಗಬೇಕಿದ್ದ ಸರದಿಯನ್ನು ಕ್ಲೆಮ್ ಹೊಡೆದುಕೊಂಡ. ನನ್ನದು ಬಾಕಿಯೇ ಉಳಿದಿದೆ, ಬರುವ ಗುರುವಾರ ಬಿಡುವುದಿಲ್ಲ.

ಇನ್ನು ನಿಮ್ಮ ವಿಷಯ. ಕೂಸಾಗಿದ್ದಾಗ ನಿಮ್ಮನ್ನೂ ಯಾರೋ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದ್ದಾರೆ, ನೆತ್ತಿಗೆ ಬಡಿದಿದ್ದಾರೆ, ಬಿಸಿನೀರು ಹುಯ್ದಿದ್ದಾರೆ. ಮುಂದಿನವರಿಗೆ ತಿಕ್ಕದೆ ಹಾಗೇ ಒರೆಸಿಕೊಂಡು ಎದ್ದು ಬಂದಿರಿ. ನೊಯೆಲೀನ್‌ಳನ್ನು ಮೆಚ್ಚಿ ಈ ಹಾಳೆ ಮಡಿಚಿಡಬೇಡಿ, ಅದರಿಂದ ಅವಳಿಗೇನೂ ಆಗಬೇಕಿಲ್ಲ. ನಿಮ್ಮ ಸುತ್ತ ಕೈ ಕಟ್ಟಿ ಕೂತವರು ಯಾರು, ಅವರ ಭುಜ ಹೇಗಿದೆ ಎಂದು ಕೇಳಿದ್ದೀರಾ? ಎಣ್ಣೆ ಬೆಚ್ಚಗೆ ಮಾಡಿ. ಯಾರ ಬೆನ್ನು, ಯಾವ ದಿನ, ಈಗಲೇ ಹೇಳಿ.