ಕೇಳದೆ ಬರೆದ ಉತ್ತರ

ಶಹಾಪುರದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಾನು ನರ್ಸ್ ಆಗಿದ್ದಾಗ ಪ್ರಶ್ನೆಗಳ ಹೊಸ ಹಾಳೆಯೊಂದು ಬಂತು. ಹನ್ನೆರಡರಿಂದ ಹದಿನೆಂಟರೊಳಗಿನ ಮಕ್ಕಳು ಯಾವ ಕಾರಣಕ್ಕೇ ಬರಲಿ, ಜ್ವರವಿರಲಿ, ಗಾಯವಿರಲಿ, ಮನೆಯವರನ್ನು ಹೊರಗೆ ಕಳಿಸಿ ಅವರನ್ನಷ್ಟೇ ಕೂರಿಸಿಕೊಂಡು ಕೇಳಬೇಕು. ಮನೆಯಲ್ಲಿ ಹೇಗಿದೆ, ಶಾಲೆ ಹೇಗಿದೆ, ನಿದ್ದೆ ಬರುತ್ತದೆಯೇ, ಯಾರಾದರೂ ಹೊಡೆಯುತ್ತಾರೆಯೇ. ಕೊನೆಯದು, ಸಾಯಬೇಕು ಅನ್ನಿಸಿದೆಯೇ.

ಮನೆಯವರನ್ನು ಹೊರಗೆ ಕಳಿಸುವುದು ನಮ್ಮ ಕಡೆ ಸುಲಭವಲ್ಲ. ಒಬ್ಬರಿಗೆ ಹೊಟ್ಟೆನೋವಾದರೆ ಟಂಟಂ ಆಟೋ ತುಂಬ ಜನ ಬರುತ್ತಾರೆ. "ಚೀಟಿ ಮಾಡಿಸ್ಕೊಂಡು ಬರ್ರಿ" ಎಂದು ಸಾಗಹಾಕುವ ವಿದ್ಯೆ ಕಲಿತೆ. ಆದರೆ ಕೊನೆಯ ಪ್ರಶ್ನೆಗೆ ನನ್ನ ನಾಲಿಗೆಯೇ ಏಳುತ್ತಿರಲಿಲ್ಲ. ಅಂಥ ಅಪಶಕುನದ ಮಾತು ಬಾಯಿಗೆ ಬಂದರೆ "ಬಿಡ್ತು ಅನ್ನು" ಎಂದು ತಲೆಗೆ ಮೊಟಕುತ್ತಿದ್ದ ತಾಯಿಯ ಮಗಳು ನಾನು. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ಮಕ್ಕಳ ತಲೆಗೆ ಹಾಕಿದಂತಾದೀತು ಎಂಬ ಭಯ ಬೇರೆ. ಹಾಗಾಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ತಲೆಯಾಡಿಸಿ ಬಂದು, ಕೇಳದೆಯೇ "ಇಲ್ಲ" ಎಂದು ಬರೆಯುತ್ತಿದ್ದೆ. ದೊಡ್ಡ ಶಾಣ್ಯಾಕಿ ನಾನು!

ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆದಿತ್ತು. ಗೋಗಿ ಊರಿನ ಕಡೆಯ ಹದಿನಾರರ ಹುಡುಗಿಯೊಬ್ಬಳು ಗದ್ದೆಯಲ್ಲಿ ತಲೆಸುತ್ತಿ ಬಿದ್ದಳೆಂದು ಒಂದು ಮಧ್ಯಾಹ್ನ ತಾಯಿ ಕರೆತಂದಳು. ಇಬ್ಬರ ಕಾಲಿನ ಕೆಸರೂ ಇನ್ನೂ ಹಸಿಯಾಗಿತ್ತು. ಹುಡುಗಿಯ ಮುಖ ಎಲ್ಲೋ ನೋಡಿದ್ದೆ. ಹಳೆಯ ಹಾಳೆ ಹುಡುಕಿದರೆ, ಹಿಂದಿನ ತಿಂಗಳೂ ಹೀಗೇ ಬಂದಿದ್ದಾಳೆ. ಕೊನೆಯ ಸಾಲಿನಲ್ಲಿ ನನ್ನದೇ ಅಕ್ಷರ, "ಇಲ್ಲ".

"ಶಾಲಿ ಹ್ಯಾಂಗ ನಡದೈತವ್ವಾ?" ಎಂದೆ.

ತಾಯಿಯೇ ಉತ್ತರಿಸಿದಳು. "ಶಾಲಿ ಬಿಡಸೀವ್ರಿ. ನಾಟಿಗಿ ಆಳು ಸಿಗಂಗಿಲ್ಲ. ಅಕಿಗೇನ್ ಚಿಂತಿಲ್ರಿ, ಆರಾಮ ಅದಾಳ."

ತಾಯಿಯನ್ನು ಚೀಟಿಗೆ ಅಟ್ಟಿದೆ. ಉಳಿದದ್ದನ್ನೆಲ್ಲ ಕೇಳಿದೆ, ಹುಡುಗಿ ಹೂಂ, ಊಹೂಂ ಅಂದಳು. ಪೆನ್ನು ರೂಢಿಯಂತೆ ಕೊನೆಯ ಸಾಲಿಗೆ ಇಳಿದಿತ್ತು.

"ಅಕ್ಕಾರ, ಅದೊಂದು ಕೇಳಲಿಲ್ಲಲ್ರಿ" ಎಂದಳು.

ಮಲಗಿದಲ್ಲಿಂದಲೇ ಹಾಳೆ ಓದುತ್ತಿದ್ದಳು. "ಹೋದ ಸಲನೂ ಕೇಳದ ಬರದ್ರಿ. ಕೇಳ್ತೀರಂತ ಕಾದಿದ್ದೆ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಆ ಒಂದು ತಿಂಗಳಲ್ಲಿ ಏನಾದರೂ ಆಗಿಹೋಗಿದ್ದರೆ? ಪೆನ್ನು ಕೆಳಗಿಟ್ಟು, ಆ ಪದವನ್ನೇ ಬಾಯಿಬಿಟ್ಟು ಕೇಳಿದೆ.

"ಅನಸೈತ್ರಿ. ಗೆಳತ್ಯಾರು ಬಸ್ಸಿನ್ಯಾಗ ಶಾಲಿಗಿ ಹೋಗೂದು ಗದ್ದ್ಯಾಗಿಂದ ಕಾಣ್ತದ. ದಿನಾ ಅನಸ್ತದ."

ಅವಳ ಕೈ ಬಿಡದೆ ಕೂತಲ್ಲಿಂದಲೇ ಡಾಕ್ಟರನ್ನು ಕೂಗಿದೆ. ಅವರು ಬಂದು ಅವಳೊಡನೆ ಮಾತಾಡಿ, ಯಾದಗಿರಿಯ ಮನೋವೈದ್ಯರಿಗೆ ಫೋನು ಮಾಡಲು ಹೋದರು. "ಅವ್ವಗ ಹೇಳೂಣೇನು?" ಎಂದು ಕೇಳಿದೆ. ಹುಡುಗಿ ಹೂಂ ಅಂದಳು.

ತಾಯಿ ಚೀಟಿ ಹಿಡಿದು ಬಂದಳು. ಹುಡುಗಿ ತಾನೇ ಹೇಳತೊಡಗಿದಳು. ಮೊದಲ ಮಾತಿಗೇ ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, "ಬಿಡ್ತು ಅನ್ನು! ಬಿಡ್ತು ಅನ್ನು!" ಎಂದಳು.

ಅದೇ ಮಾತು ನನ್ನ ಗಂಟಲಿಗೂ ಬಂದಿತ್ತು. ನುಂಗಿಕೊಂಡು, ಆ ಕೈಯನ್ನು ಮೆಲ್ಲಗೆ ಸರಿಸಿದೆ. "ಬ್ಯಾಡ್ರೆವ್ವಾ. ಅಕಿ ಹೇಳ್ಲಿ."

ತಾಯಿ ಮಂಚದ ಅಂಚಿಗೆ ಕುಸಿದು ಕೂತಳು. ಮಗಳ ಮುಖವನ್ನೇ ನೋಡುತ್ತಾ ಅಂದಳು, "ಹೇಳವ್ವಾ."